ಮೂರು ದಿನ ನೇತಾಡಬೇಕಾದ ಗೌನು

ಮದುವೆಯ ಕಾರ್ಡಿನ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲಿತ್ತು: “ಬರುವವರೆಲ್ಲರೂ ದಯವಿಟ್ಟು ಅಜ್ಜಿಯರ ಕಾಲದ ಉಡುಪಿನಲ್ಲೇ ಬರಬೇಕು.” ಅದನ್ನು ಹಾಕಿಸಿದವಳು ನನ್ನ ಓರಗಿತ್ತಿ, ಮದುಮಗಳ ತಾಯಿ. ಎದುರಿಗೆ ನಾನು ಅವಳನ್ನು ಅಕ್ಕ ಎನ್ನುತ್ತೇನೆ, ನೀವು ಎನ್ನುತ್ತೇನೆ. ಬೆನ್ನ ಹಿಂದೆಯೂ ಅಷ್ಟು ಮರ್ಯಾದೆ ಕೊಡುವ ಶಕ್ತಿ ನನಗಿಲ್ಲ.

ಅಜ್ಜಿಯರ ಕಾಲದ ಮೇಲೆ ಅವಳಿಗಿರುವ ಪ್ರೀತಿ ಎಂಥದೆಂದು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಅತ್ತೆ ತೀರಿಕೊಂಡ ತಿಂಗಳಿಗೆ ಅವರ ಬೀರುವಿನ ಬಾಗಿಲು ತೆಗೆದು, ಮೂಗಿಗೆ ಕರವಸ್ತ್ರ ಅಡ್ಡ ಹಿಡಿದು, “ಇವನ್ನೆಲ್ಲ ನೀನೇ ಇಟ್ಕೋ, ನೆಲ ಒರೆಸೋಕಾದ್ರೂ ಆಗುತ್ತೆ” ಎಂದು ನನ್ನ ಕಡೆ ನೂಕಿದವಳು ಇವಳೇ. ಈಗ ಅದೇ ಅತ್ತೆಯ ಹಳೆಯ ಫೋಟೋ ಒಂದನ್ನು ದೊಡ್ಡದು ಮಾಡಿಸಿ ಮದುವೆ ಹಾಲ್‌ನ ಬಾಗಿಲಲ್ಲಿ ನಿಲ್ಲಿಸುತ್ತಾಳಂತೆ. ಅದಕ್ಕೆ ಕಟ್ಟು ಹಾಕುವ ಕೆಲಸ ನಮ್ಮ ಯಜಮಾನರ ಪಾಲಿಗೆ ಬಂದಿತ್ತು. ನಮ್ಮ ಮನೆಯ ಮುಂದಿನ ಕೋಣೆಯೇ ಇವರ ಫೋಟೋ ಫ್ರೇಮಿನ ಅಂಗಡಿ. ಅಣ್ಣನ ಮನೆಯ ಕೆಲಸವೆಂದರೆ ಇವರು ಉಸಿರು ಬಿಗಿಹಿಡಿದು ಮಾಡುತ್ತಾರೆ. ಒರೆಸಿದ ಗಾಜನ್ನೇ ಒರೆಸಿ ಒರೆಸಿ, ಇನ್ನೇನು ಗಾಜೇ ಸವೆದುಹೋಗಬೇಕು.

“ನಾವೂ ಏನಾದ್ರೂ ಹಳೇ ಥರದ್ದು ಹಾಕ್ಕೋಬೇಕಲ್ವೇನೇ?” ಎಂದರು ಕಾರ್ಡನ್ನು ಎರಡು ಸಲ ಓದಿ.

“ನಿಮ್ಮ ಅಂಗಿ ಒಂಬತ್ತು ವರ್ಷದ್ದು. ಅದಕ್ಕಿಂತ ಹಳೇದು ಬೇಕಾ?” ಎಂದೆ.

ಆ ಮದುವೆಯ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಚಿಂತೆಯೆಲ್ಲ ಮಗಳದು. ಏಳು ತಿಂಗಳಿಂದ ಅವಳು ಮನೆಯ ಹೊಸ್ತಿಲು ದಾಟಿರಲಿಲ್ಲ.

ಇಪ್ಪತ್ತು ವರ್ಷದ ಹುಡುಗಿ. ಶಿಕ್ಷಕರ ತರಬೇತಿಗೆ ಸೇರಿದ್ದಳು. ಮೊದಲ ಸಲ ನಿಜವಾದ ತರಗತಿಯ ಮುಂದೆ ನಿಂತ ದಿನ, ನಲವತ್ತು ಮಕ್ಕಳು ಕಣ್ಣರಳಿಸಿ ನೋಡುತ್ತ ಕುಳಿತಿದ್ದಾಗ, ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಸೀಮೆಸುಣ್ಣ ಹಿಡಿದುಕೊಂಡು ಹತ್ತು ನಿಮಿಷ ನಿಂತಳಂತೆ. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ನಡೆದುಕೊಂಡು ಮನೆಗೆ ಬಂದಳು. ಆದದ್ದು ಇಷ್ಟೇ. ಯಾರ ತಲೆಯನ್ನೂ ಒಡೆದಿರಲಿಲ್ಲ. ಆದರೆ ಸುದ್ದಿ ಓರಗಿತ್ತಿಯ ಕಿವಿಗೆ ಬಿದ್ದದ್ದೇ ತಡ, ಬಂಧುಬಳಗದಲ್ಲೆಲ್ಲ ಅವಳಿಗೆ ‘ಟೀಚರಮ್ಮ’ ಎಂದು ಹೆಸರಾಯಿತು. “ಏನಂತಾಳೆ ನಿಮ್ಮ ಟೀಚರಮ್ಮ?” ಎಂದು ಕೇಳುವುದು, “ಓ, ಅವಳು ಏನೂ ಅನ್ನಲ್ಲ ಅಲ್ವಾ” ಎಂದು ತಾನೇ ನಗುವುದು. ಏಳು ತಿಂಗಳಲ್ಲಿ ಈ ಹಾಸ್ಯವನ್ನು ಅವಳು ಒಂದು ಸಲವೂ ಬದಲಾಯಿಸಲಿಲ್ಲ. ಬೇರೊಂದು ಹುಟ್ಟಬೇಕಾದರೆ ತಲೆಯಲ್ಲಿ ಸರಕು ಇರಬೇಕಲ್ಲ.

ಅಂದಿನಿಂದ ಮಗಳು ತರಬೇತಿಗೂ ಹೋಗಲಿಲ್ಲ, ಬೀದಿಯ ಕೊನೆಯ ಅಂಗಡಿಗೂ ಹೋಗಲಿಲ್ಲ. ಫ್ರೇಮಿಗೆಂದು ಗಿರಾಕಿ ಬಂದರೆ ಒಳಗೆ ಸರಿದುಬಿಡುತ್ತಿದ್ದಳು. ನಾನು ಬೈಯಲಿಲ್ಲ, ಹೊರಗೆ ಹೋಗೆಂದು ಬೆನ್ನು ಹತ್ತಲಿಲ್ಲ. ತಲೆ ಬಾಚುವಾಗ ಬೀದಿಯ ಸುದ್ದಿಗಳನ್ನು ಹೇಳುತ್ತಿದ್ದೆ. ಯಾರ ಮನೆಗೆ ಬಣ್ಣ ಹೊಡೆಸಿದರು, ಯಾರ ಬೆಕ್ಕು ಯಾರ ಮನೆಯಲ್ಲಿ ಮರಿ ಹಾಕಿತು, ಇಂಥವು. ಬೆಕ್ಕಿನ ಸುದ್ದಿಗೆ ಒಮ್ಮೆ ನಕ್ಕಿದ್ದಳು. ಆ ವಾರವೆಲ್ಲ ಬೆಕ್ಕಿನ ಸುದ್ದಿಯನ್ನೇ ಕಟ್ಟಿ ಕಟ್ಟಿ ಹೇಳಿದೆ.

ಕಾರ್ಡು ಬಂದ ಮರುದಿನ ಅವಳು ಹೊಲಿಗೆ ಯಂತ್ರಕ್ಕೆ ಮುಚ್ಚಿದ್ದ ಬಟ್ಟೆಯನ್ನು ಎಳೆದು ಬಿಡಿಸಿ ನೋಡಿದಳು. ಅತ್ತೆಯ ಬೀರುವಿನಿಂದ ಬಂದದ್ದರಲ್ಲಿ ನಾನು ಉಳಿಸಿಕೊಂಡಿದ್ದ ಒಂದೇ ಉಡುಪು ಅದು. ನೀಲಿ ಗೌನು. ಬುಗ್ಗೆ ತೋಳು, ಬಿಗಿಯಾದ ಸೊಂಟ, ಅಲ್ಲಿಂದ ಕೆಳಗೆ ನೀರು ಸುರಿದ ಹಾಗೆ ಇಳಿಯುವ ಬಟ್ಟೆ. ಮಡಿಕೆಗಳಲ್ಲಿ ಸವೆದು ಜಾಳಾಗಿತ್ತು. ಮಗಳು ಅದನ್ನು ಒಳಮೈ ಹೊರಗೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು.

“ಅಮ್ಮ, ಇದನ್ನ ಯಾರು ಹೊಲಿದಿದ್ದು?”

“ನಿಮ್ಮಜ್ಜೀನೇ. ನಿನ್ನ ವಯಸ್ಸಲ್ಲಿ.”

“ಒಳಗೂ ಹೊರಗಿನ ಹಾಗೇ ಇದೆ ನೋಡು. ಒಂದು ದಾರ ನೇತಾಡ್ತಿಲ್ಲ.”

ಬಹಳ ಹೊತ್ತು ನೋಡಿದ ಮೇಲೆ, ನನ್ನ ಮುಖ ನೋಡದೆ ಹೇಳಿದಳು: “ಇಂಥದೇ ಒಂದು ನಾನು ಹೊಲೀತೀನಿ. ಮುಗಿದ್ರೆ ಅದನ್ನ ಹಾಕ್ಕೊಂಡು ಮದುವೆಗೆ ಬರ್ತೀನಿ. ಮುಗೀದಿದ್ರೆ ನೀವಿಬ್ರೇ ಹೋಗಿ. ಆಮೇಲೆ ನನ್ನ ಬಾ ಅಂತ ಕರೀಬಾರದು. ಎಲ್ಲಿಗೂ.”

“ಆಗಲಿ” ಎಂದೆ, ಅದೇನು ಮಹಾ ಎಂಬ ದನಿಯಲ್ಲಿ. ಒಳಗೆ ಹೋಗಿ ಒಲೆಯ ಮುಂದೆ ನಿಂತಿದ್ದೂ ಹಾಲು ಉಕ್ಕಿಸಿದೆ.

ಬಟ್ಟೆ ತರಲು ನಾನೇ ಹೋದೆ. ಅಂಗಡಿಯವನು “ಅಜ್ಜಿ ಕಾಲದ್ದಾ ಮೇಡಂ? ಈಗ ಅದೇ ನಡೀತಿರೋದು” ಎಂದು ಹತ್ತು ಥಾನು ಬಿಚ್ಚಿ ಹಾಸಿದ. ಎಲ್ಲವೂ ಬೇಕೆಂದೇ ಮಾಸಲು ಮಾಡಿದ್ದು. ನಾವು ಮಾಸಲು ಬಟ್ಟೆಯನ್ನು ಬೆಳ್ಳಗೆ ಮಾಡುವುದಕ್ಕೆ ಜನ್ಮ ಸವೆಸಿದೆವು. ಇವರಿಗೆ ಬೆಳ್ಳಗಿನ ಬಟ್ಟೆಯನ್ನು ಮಾಸಿಸುವುದೇ ಒಂದು ಕಸುಬು. ಅವನ ಮುಖ ಬಾಡುವವರೆಗೂ ಎಲ್ಲವನ್ನೂ ಬೇಡ ಬೇಡ ಎಂದು ತಳ್ಳಿ, ಮೂಲೆಯಲ್ಲಿದ್ದ ಬೂದು ಹಸಿರು ಬಣ್ಣದ ಮೆತ್ತನೆಯ ಬಟ್ಟೆ ತಂದೆ.

ಮಗಳು ಅಜ್ಜಿಯ ಗೌನನ್ನು ಬಿಚ್ಚಲಿಲ್ಲ. ಅದರ ಕೆಳಗೆ ದಿನಪತ್ರಿಕೆ ಹಾಸಿ, ಹೊಲಿಗೆಯ ಉದ್ದಕ್ಕೂ ಗುಂಡುಪಿನ್ನಿನಿಂದ ಚುಚ್ಚಿ ಚುಚ್ಚಿ, ಚುಕ್ಕೆಗಳನ್ನು ಸೇರಿಸಿ ನಕ್ಷೆ ತೆಗೆದಳು. ಆಗಲೇ ಗುಟ್ಟು ಗೊತ್ತಾದದ್ದು. ಆ ಬಟ್ಟೆ ಹಾಗೆ ಇಳಿಯಲು ಕಾರಣ, ಅದನ್ನು ನೇರವಾಗಿ ಕತ್ತರಿಸದೆ ಓರೆಯಾಗಿ, ದರ್ಜಿಗಳು ಕ್ರಾಸ್ ಎನ್ನುತ್ತಾರಲ್ಲ, ಹಾಗೆ ಕತ್ತರಿಸಿದ್ದು. ಕ್ರಾಸ್ ಬಟ್ಟೆ ಎಳೆದ ಕಡೆ ಬರುತ್ತದೆ, ಹೊಲಿಯುವಾಗ ಯಂತ್ರದ ಪಾದದ ಕೆಳಗೆ ಹುಳುವಿನ ಹಾಗೆ ಹೊರಳುತ್ತದೆ. ಬುಗ್ಗೆ ತೋಳನ್ನು ಅವಳು ಮೂರು ಸಲ ಬಿಚ್ಚಿದಳು. ಎರಡನೇ ಸಲ ಎಲ್ಲಿ ತಪ್ಪಿತೆಂದು ನನಗೆ ಕಂಡಿತ್ತು. ಹೇಳಲಿಲ್ಲ. ನಾಲಿಗೆ ಕಚ್ಚಿಕೊಂಡು ಪಾತ್ರೆ ತೊಳೆದೆ. ಮೂರನೇ ಸಲ ಅವಳೇ ಕಂಡುಕೊಂಡಳು.

ಮದುವೆ ಭಾನುವಾರ. ಅದರ ಹಿಂದಿನ ಸೋಮವಾರ ಸಂಜೆಗೆ ಅಂಚೊಂದು ಬಿಟ್ಟು ಎಲ್ಲ ಮುಗಿದಿತ್ತು. ಅಂಗಡಿಗೂ ಮನೆಗೂ ನಡುವಿನ ಬಾಗಿಲ ಮೊಳೆಗೆ ಗೌನನ್ನು ನೇತುಹಾಕಿದಳು.

“ಮೂರು ದಿನ ಇದು ಹೀಗೇ ನೇತಾಡಬೇಕು. ಯಾರೂ ಮುಟ್ಟಬಾರದು. ಕ್ರಾಸ್ ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಯುತ್ತೆ. ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ಎಲ್ಲ ಇಳಿದಾದ ಮೇಲೆ ನಾನು ಹಾಕ್ಕೊಂಡು ನಿಂತು ಅಂಚು ಸಮ ಮಾಡ್ಕೋತೀನಿ.”

“ಮೂರು ದಿನ ಸೊಟ್ಟಗೇ ಇರುತ್ತಾ?” ಎಂದರು ಇವರು. ಗೋಡೆಯ ಮೇಲಿನ ಫೋಟೋ ಕೂದಲೆಳೆಯಷ್ಟು ವಾಲಿದರೂ ಊಟ ಬಿಟ್ಟು ಎದ್ದು ಸರಿ ಮಾಡುವ ಮನುಷ್ಯ.

“ಇರ್ಲಿ ಬಿಡಿ ಅಪ್ಪ. ನೀವು ಆ ಕಡೆ ನೋಡಬೇಡಿ.”

ಬುಧವಾರ ಓರಗಿತ್ತಿ ಬಂದಳು, ಅತ್ತೆಯ ಫೋಟೋ ಹೇಗಾಗಿದೆ ನೋಡುವ ನೆಪದಲ್ಲಿ. ಅವಳ ದನಿ ಬೀದಿಯಲ್ಲಿ ಕೇಳಿದ್ದೇ ಮಗಳು ಅಡುಗೆಮನೆಗೆ ಸರಿದಳು. ಓರಗಿತ್ತಿಗಿಂತ ಮೊದಲು ಅವಳ ಸೆಂಟು ಒಳಗೆ ಬಂತು, ಆಮೇಲೆ ಕೈಚೀಲ, ಕೊನೆಗೆ ಅವಳು.

“ಏನಿದು, ಬಾಗಿಲಿಗೆ ಪರದೆ ಹಾಕಿದ್ದೀಯಾ?”

“ಗೌನು ಅಕ್ಕ. ಮದುವೆಗೇಂತ ಮಗಳು ಹೊಲೀತಿದಾಳೆ.”

ಅವಳು ಕನ್ನಡಕ ಹಾಕಿಕೊಂಡು ಬಗ್ಗಿ, ಸತ್ತ ಇಲಿಯ ಬಾಲ ಹಿಡಿಯುವಂತೆ ಎರಡು ಬೆರಳಲ್ಲಿ ಅಂಚನ್ನು ಎತ್ತಿದಳು. “ಈ ಕಡೆ ನೆಲ ಗುಡಿಸುತ್ತೆ, ಆ ಕಡೆ ಮೇಲಕ್ಕೆ ಹೋಗಿದೆ. ಏನಪ್ಪಾ ಮೈದುನ, ನೀನು ನೋಡ್ಲಿಲ್ವಾ? ಊರಿನ ಫೋಟೋಗಳನ್ನೆಲ್ಲ ನೆಟ್ಟಗೆ ಮಾಡ್ತೀಯ, ಮಗಳ ಬಟ್ಟೆ ಹಿಂಗಿದೆ.”

ಇವರು ಹಲ್ಲು ಕಿರಿದರು. ಅತ್ತಿಗೆ ಏನೆಂದರೂ ಇವರದು ಅದೇ ಉತ್ತರ.

“ಅದು ಇನ್ನೂ ಇಳೀಬೇಕು ಅಕ್ಕ. ಆಮೇಲೆ ಸಮ ಮಾಡೋದು” ಎಂದೆ.

“ಬಟ್ಟೆ ಇಳಿಯುತ್ತಾ? ನನಗೆ ಗೊತ್ತೇ ಇರ್ಲಿಲ್ಲ. ಹೇಳಿಕೊಡೋಕೆ ಮನೇಲೇ ಟೀಚರಮ್ಮ ಇದಾಳಲ್ಲ ನಿನಗೆ.” ಕೈಚೀಲದಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದಳು. “ಅದಕ್ಕೇ ಇದನ್ನ ತಂದೆ. ಆರೂ ಹುಡುಗಿಯರಿಗೆ ಒಂದೇ ಥರ ತರಿಸಿದೀನಿ. ಮದುಮಗಳ ಹಿಂದೆ ಸಾಲಾಗಿ ನಿಂತು ಫೋಟೋ. ನೋಡು, ಐವತ್ತು ವರ್ಷ ಪೆಟ್ಟಿಗೇಲಿ ಇಟ್ಟಿದ್ದು ತೆಗೆದ ಹಾಗಿಲ್ವಾ?”

ಇತ್ತು. ಐವತ್ತು ವರ್ಷ ಇಲಿಗಳ ಜೊತೆ ಇಟ್ಟಿದ್ದ ಹಾಗೆ. ಬಣ್ಣ ಹಾಕಿ ಹಳದಿ ಮಾಡಿದ ಬಟ್ಟೆ, ಮುಟ್ಟಿದರೆ ಚರಪರ ಎನ್ನುವ ಪ್ಲಾಸ್ಟಿಕ್ ಲೇಸು. ಬೆನ್ನಿನ ಮೇಲೆ ಮೇಲಿಂದ ಕೆಳಗೆ ಹದಿನೆಂಟು ಮುತ್ತಿನ ಗುಂಡಿಗಳು, ಒಂದಕ್ಕೂ ಕಾಜಾ ಇಲ್ಲ. ಹದಿನೆಂಟರಲ್ಲಿ ಒಂದೂ ಏನನ್ನೂ ಹಿಡಿದಿಟ್ಟಿರಲಿಲ್ಲ; ಎಲ್ಲವನ್ನೂ ಹಿಡಿದಿಟ್ಟದ್ದು ಒಳಗಿನ ಒಂದು ಜಿಪ್ಪು. ಓರಗಿತ್ತಿಯ ಸಂಸಾರವೂ ಹೀಗೇ ನಡೆಯುತ್ತದೆ. ಹೊರಗೆ ಮುತ್ತಿನ ಸಾಲು ಅವಳು, ಒಳಗೆ ಬಾಯಿ ಮುಚ್ಚಿ ಎಲ್ಲ ಎಳೆದು ಹಿಡಿಯುವವರು ಭಾವ.

“ಹೇಳು ಅವಳಿಗೆ. ಕಷ್ಟಪಡೋದು ಬೇಡ. ಇದನ್ನ ಹಾಕ್ಕೊಂಡು ಸಾಲಿನ ಕೊನೇಲಿ ನಿಂತ್ರೆ ಸಾಕು. ಅಲ್ಲೇನೂ ಬಾಯಿ ಬಿಡಬೇಕಾಗಿಲ್ಲ.”

ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು. ತೊಳೆಯಲು ಅಲ್ಲಿ ಏನೂ ಇರಲಿಲ್ಲ.

ಅವಳು ಹೋದ ಮೇಲೆ ಇವರು ಗೌನಿನ ಮುಂದೆ ಕೈಕಟ್ಟಿ ನಿಂತರು. ತಲೆಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು.

“ಮುಟ್ಟಬೇಡಿ” ಎಂದೆ.

“ನಾನೆಲ್ಲಿ ಮುಟ್ಟಿದೆ?”

ಗುರುವಾರ ಮಧ್ಯಾಹ್ನ ನಾನೂ ಮಗಳೂ ಮಹಡಿಯ ಮೇಲೆ ಹೊದಿಕೆ ಒಗೆಯುತ್ತಿದ್ದೆವು. ಸಂಜೆಗೆ ಅಂಚು ಹಿಡಿಯುವುದೆಂದು ಅವಳು ಲೆಕ್ಕ ಹಾಕಿದ್ದಳು. ಹೊದಿಕೆಯ ಎರಡು ತುದಿ ಹಿಡಿದು ಹಿಂಡುವಾಗ ಅವಳೇ ಕೇಳಿದಳು, “ಹಾಲ್‌ನಲ್ಲಿ ಎಷ್ಟು ಜನ ಬರಬಹುದು ಅಮ್ಮ?” ಏಳು ತಿಂಗಳಲ್ಲಿ ಹೊರಗಿನ ಪ್ರಪಂಚದ ಬಗ್ಗೆ ಅವಳ ಮೊದಲ ಪ್ರಶ್ನೆ. “ಬಂದ್ರೆ ಇನ್ನೂರು. ಅರ್ಧ ಜನ ಊಟಕ್ಕೆ, ಅರ್ಧ ಜನ ಊಟ ಚೆನ್ನಾಗಿಲ್ಲ ಅನ್ನೋಕೆ” ಎಂದೆ. ನಕ್ಕಳು.

ಕೆಳಗೆ ಬಂದಾಗ ಇವರು ಅಂಗಡಿಯ ದೊಡ್ಡ ಮೇಜಿನ ಪಕ್ಕದಲ್ಲಿ ನಿಂತಿದ್ದರು, ಮುಖವೆಲ್ಲ ಬೆಳಕಾಗಿ.

“ಬನ್ನಿ ಬನ್ನಿ. ಈಗ ನೋಡಿ.”

ಮೇಜಿನ ಮೇಲೆ ಗೌನು ಚಾಪೆ ಹಾಸಿದಂತೆ ಮಲಗಿತ್ತು. ಅದರ ಕೆಳಗಿನ ಅಂಚು ಇವರ ಉಕ್ಕಿನ ಅಳತೆಪಟ್ಟಿಯಷ್ಟೇ ನೇರವಾಗಿತ್ತು. ಪಕ್ಕದಲ್ಲಿ ಮೂಲೆಮಟ್ಟ, ಫ್ರೇಮಿನ ರಟ್ಟು ಕತ್ತರಿಸುವ ಚಾಕು. ಕತ್ತರಿಸಿ ತೆಗೆದ ಚೂರುಗಳನ್ನು ಒಪ್ಪವಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಅಂಚಿಗೆ ಅಂಟು ಹಚ್ಚಿರಲಿಲ್ಲ, ಅದೊಂದು ಪುಣ್ಯ.

ಮಗಳು ಗೌನಿನ ಎರಡು ಭುಜ ಹಿಡಿದು ಎತ್ತಿದಳು. ಎರಡೂ ಪಕ್ಕ ನಾಯಿಯ ಕಿವಿಯಂತೆ ಜೋತುಬಿದ್ದವು. ಮುಂಭಾಗ ಮೊಣಕಾಲಿನ ಹತ್ತಿರಕ್ಕೆ ಏರಿ ಕುಳಿತಿತ್ತು.

“ಮೇಜಿನ ಮೇಲೆ ಸಮ ಇತ್ತು” ಎಂದರು ಇವರು.

ಮಗಳು ಗೌನನ್ನು ತೋಳಿನ ಮೇಲೆ ಹಾಕಿಕೊಂಡು ಕೋಣೆಗೆ ಹೋದಳು. ಚಿಲಕ ಹಾಕಿದ ಸದ್ದು ಕೇಳಿಸಿತು.

ಆಮೇಲೆ ನಾನು ಆಡಿದ ಮಾತುಗಳಲ್ಲಿ ಅರ್ಧವನ್ನು ಇಲ್ಲಿ ಹೇಳುವಂತಿಲ್ಲ. “ನಿಮ್ಮ ಅತ್ತಿಗೆ ಮೈದುನ ಅಂದ್ರೆ ಸಾಕು, ಬಾಲ ಅಲ್ಲಾಡಿಸ್ಕೊಂಡು ಎದ್ದುನಿಲ್ತೀರ. ಐವತ್ತೆರಡು ವರ್ಷ ಆಯ್ತು, ಒಂದು ವಸ್ತೂನಾದ್ರೂ ನಿಮ್ಮ ಸ್ವಂತ ಕಣ್ಣಿಂದ ನೋಡಿದೀರಾ? ಸತ್ತೋರ ಫೋಟೋಗೆ ಕಟ್ಟು ಹಾಕಿ ಹಾಕಿ, ಬದುಕಿರೋರನ್ನೂ ಅಂಗಾತ ಮಲಗಿಸಿ ಕತ್ತರಿಸೋ ಹಾಗಾಗಿದೀರ. ಆ ಹುಡುಗಿ ಬಾಗಿಲ ತನಕ ಬಂದಿದ್ಲು. ಬಾಗಿಲ ತನಕ. ನೀವು ಅಲ್ಲಿಗೇ ಕತ್ತರಿಸಿದ್ರಿ.”

ಇವರು ಚೂರುಗಳ ಸುರುಳಿಯ ಮೇಲಿನ ರಬ್ಬರ್ ಬ್ಯಾಂಡನ್ನು ನಡುಮಧ್ಯಕ್ಕೆ ಬರುವಂತೆ ಸರಿಸುತ್ತಿದ್ದರು. ಅದನ್ನು ನೋಡಿ ನನಗೆ ಇನ್ನೂ ಮೈ ಉರಿಯಿತು.

ಸಂಜೆ ಅವಳ ಬಾಗಿಲ ಮುಂದೆ ಕೂತು ಹೇಳಿದೆ, “ಇನ್ನೂ ಎರಡು ದಿನ ಇದೆ ಕಂದ. ಬೆಳಿಗ್ಗೆ ಹೋಗಿ ಅದೇ ಬಟ್ಟೆ ತರ್ತೀನಿ. ಇಬ್ರೂ ಕೂತು ಹೊಲಿಯೋಣ.”

“ಬೇಡ.”

“ಮತ್ತೆ?”

ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದ ದೀಪ ಆರಿತು. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಆ ಹಳದಿ ಗೌನು ಕಪಾಟಿನ ಮೇಲೆ ಕೂತಿತ್ತು. ಅದನ್ನು ಅವಳು ತೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ತೊಡದೆ ಮನೆಯಲ್ಲೇ ಉಳಿಯುತ್ತಾಳೆ, ಈ ಭಾನುವಾರ ಉಳಿದರೆ ಎಲ್ಲ ಭಾನುವಾರವೂ ಉಳಿಯುತ್ತಾಳೆ, ಅದೂ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ನಾನು ಒಲೆ ಹಚ್ಚುತ್ತಿದ್ದಾಗ ಚಿಲಕ ತೆಗೆದ ಸದ್ದಾಯಿತು. ಅವಳು ಗೌನು ತೊಟ್ಟು, ಬರಿಗಾಲಲ್ಲಿ, ನನ್ನನ್ನು ದಾಟಿ ನೇರ ಅಂಗಡಿಗೆ ನಡೆದಳು. ಹಿಂದೆಯೇ ಹೋದೆ. ಕುರ್ಚಿ ಎಳೆದುಕೊಂಡು ಆ ದೊಡ್ಡ ಮೇಜಿನ ಮೇಲೆ ಹತ್ತಿ ನಿಂತಳು.

“ಅಪ್ಪ, ನಿಮ್ಮ ಉಕ್ಕಿನ ಪಟ್ಟಿ ತನ್ನಿ. ಚಾಕ್‌ಪೀಸ್ ತನ್ನಿ.”

ಇವರು ಕಳ್ಳನಂತೆ ಬಂದರು.

“ಬಟ್ಟೇನ ಮಲಗಿಸಿ ಅಳೆದ್ರೆ ಅದು ಸುಳ್ಳು ಹೇಳುತ್ತೆ. ಬಟ್ಟೆ ಕಡೆ ನೋಡಲೇಬೇಡಿ. ಮೇಜು ನೋಡಿ. ಮೇಜಿಂದ ಮೇಲಕ್ಕೆ ಅಳೀರಿ, ಪಟ್ಟೀನ ನೆಟ್ಟಗೆ ಹಿಡಿದು. ಒಂದೇ ಎತ್ತರಕ್ಕೆ ಸುತ್ತಲೂ ಗುರುತು ಹಾಕ್ತಾ ಬನ್ನಿ. ಬಟ್ಟೆ ಎಲ್ಲಿ ಬೇಕಾದ್ರೂ ಹೋಗ್ಲಿ, ಮೇಜು ಎಲ್ಲೂ ಹೋಗಲ್ಲ.”

“ಎಷ್ಟು ಎತ್ತರಕ್ಕಮ್ಮ?”

“ಮುಂದೆ ಎಲ್ಲಿಗೆ ಕತ್ತರಿಸಿದೀರೋ ಅಲ್ಲಿಗೇ. ಬೇರೆ ಎಲ್ಲಿಗೆ ಹಾಕ್ತೀರ ಈಗ?”

ಇವರು ಪಟ್ಟಿ ಹಿಡಿದು ಬಗ್ಗಿದರು. ಸೀಮೆಸುಣ್ಣ ಅಂಚಿಗೆ ತಾಗುವ ಮೊದಲೇ ಜಾರಿ ಬಿತ್ತು. ನನಗೆ ತಡೆಯಲಾಗಲಿಲ್ಲ. “ಇಲ್ಲಿ ಕೊಡಿ, ನಾನು ಹಾಕ್ತೀನಿ. ಒಂದು ಸಲ ಮಾಡಿದ್ದು ಸಾಲದಾ?”

“ಅಮ್ಮ, ನೀನು ಒಳಗೆ ಹೋಗು” ಎಂದಳು ಮಗಳು, ಮೇಲಿನಿಂದ. “ನೀನು ನಿಂತ್ರೆ ಅಪ್ಪನ ಕೈ ನಡುಗುತ್ತೆ.”

ನೋಡಿದೆ. ನಿಜವಾಗಿಯೂ ನಡುಗುತ್ತಿತ್ತು. ಫೋಟೋ ಗಾಜನ್ನು ಒಂದೇ ಗೀರಿಗೆ ಕತ್ತರಿಸುವ ಕೈ. ನಾನು ಒಳಗೆ ಹೋದೆ.

ಅಡುಗೆಮನೆಯಿಂದ ಕೇಳಿಸುತ್ತಿತ್ತು. ನಿಲ್ಲಿ. ತಿರುಗ್ತೀನಿ. ಆ ಪಕ್ಕ ಇನ್ನೊಂದು ಸಲ ಅಳೀರಿ. ಎಳೀಬೇಡಿ, ಎಳೆದ್ರೆ ಬರುತ್ತೆ ಅದು. ಆಯ್ತು, ಮುಂದಕ್ಕೆ. ಇಷ್ಟು ಮಾತುಗಳನ್ನು ಅವಳು ಒಟ್ಟಿಗೆ ಆಡಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅಷ್ಟರಲ್ಲಿ ಬೀದಿಯ ಕಡೆಯಿಂದ ಒಬ್ಬ ಗಿರಾಕಿಯ ದನಿ ಬಂತು. ಈಗ ಮೇಜಿನಿಂದ ಹಾರಿ ಒಳಗೆ ಓಡಿಬರುತ್ತಾಳೆಂದು ಬಾಗಿಲ ಕಡೆ ನೋಡಿದೆ.

“ಅಪ್ಪ ಕೆಲಸದಲ್ಲಿದಾರೆ” ಎಂದಳು ಅವಳು. “ಅರ್ಧ ಗಂಟೆ ಬಿಟ್ಟು ಬನ್ನಿ.”

ಶನಿವಾರವೆಲ್ಲ ಕಿಟಕಿಯ ಬಳಿ ಕೂತು ಕೈಯಲ್ಲೇ ಅಂಚು ಹೊಲಿದಳು. ಪಾದದವರೆಗೆ ಬರಬೇಕಾಗಿದ್ದ ಗೌನು ಮೊಣಕಾಲಿನ ಕೆಳಗೆ ನಾಲ್ಕು ಬೆರಳಿಗೆ ನಿಂತಿತು. ಅಜ್ಜಿಯದರಂತೆ ಇರಲಿಲ್ಲ. ಯಾವ ಕಾಲದ್ದೆಂದು ಹೇಳಲೂ ಆಗುತ್ತಿರಲಿಲ್ಲ. ಆದರೆ ಅವಳು ನಡೆದಾಗ ಸುತ್ತಲೂ ಒಂದೇ ಸಮ ತೂಗುತ್ತಿತ್ತು.

ಭಾನುವಾರ ಹತ್ತು ಗಂಟೆಗೆ ಅವಳು ಬಾಗಿಲಲ್ಲಿ ನಿಂತು ಚಪ್ಪಲಿಯ ಪಟ್ಟಿ ಕಟ್ಟಿದಳು, ಬಿಚ್ಚಿದಳು, ಕಟ್ಟಿದಳು. ನಾನು ಗಡಿಯಾರವನ್ನೇ ಮೊದಲ ಸಲ ಕಂಡವಳಂತೆ ಅದನ್ನು ನೋಡುತ್ತ ನಿಂತೆ. ಇವರು ಬೀದಿಗಿಳಿದು, “ಬಸ್ಸು ಬರೋ ಹೊತ್ತಾಯ್ತು” ಎಂದರು, ಯಾರಿಗೂ ಹೇಳದ ಹಾಗೆ. ಅವಳು ಇಳಿದಳು.

ಆ ಹಾಲ್‌ನಲ್ಲಿ ನಾನು ಕಂಡ ಅಜ್ಜಿಯರ ಕಾಲವನ್ನು ಯಾವ ಅಜ್ಜಿ ನೋಡಿದ್ದರೂ ಗುರುತು ಹಿಡಿಯುತ್ತಿರಲಿಲ್ಲ. ಗಂಡಸರು ಸೊಂಟಕ್ಕೆ ಬೆಲ್ಟೂ ಬಿಗಿದು, ಅದರ ಮೇಲೆ ಭುಜಪಟ್ಟಿಯನ್ನೂ ಎಳೆದುಕೊಂಡಿದ್ದರು. ಪ್ಯಾಂಟಿನ ಮೇಲೆ ಅವರಿಗೆ ಅಷ್ಟು ಅಪನಂಬಿಕೆ. ಒಬ್ಬರ ಅಂಟಿಸಿದ ಮೀಸೆ ಬೆವರಿಗೆ ಒಂದು ಕಡೆ ಬಿಟ್ಟುಕೊಂಡು, ಮಾತಾಡಿದಾಗಲೆಲ್ಲ ಕೈಬೀಸುತ್ತಿತ್ತು. ಮರದ ಹಳೆಯ ರೇಡಿಯೋದೊಳಗೆ ಮೊಬೈಲ್ ಇಟ್ಟು ಹಾಡು ಹಾಕಿದ್ದರು, ನಡುನಡುವೆ ಯಾರದೋ ಕರೆ ಬರುತ್ತಿತ್ತು. ಬಾಗಿಲಲ್ಲಿ ನಮ್ಮ ಅತ್ತೆ, ಇವರ ಕಟ್ಟಿನೊಳಗೆ, ಒಳಗೆ ಬರುವವರನ್ನೆಲ್ಲ ನೋಡುತ್ತಿದ್ದರು. ಬದುಕಿದ್ದಾಗಲೂ ಅವರ ಮುಖ ಅಷ್ಟು ಗಂಭೀರವಾಗಿರಲಿಲ್ಲ.

ಮದುಮಗಳ ಹಿಂದೆ ಐದು ಹಳದಿ ಗೌನುಗಳು ಸಾಲಾಗಿ ನಿಂತಿದ್ದವು. ಓರಗಿತ್ತಿ ನಮ್ಮನ್ನು ಕಂಡದ್ದೇ ಫೋಟೋದವನಿಗೆ ಕೈ ತೋರಿಸಿ ನಿಲ್ಲಿಸಿ ಬಂದಳು.

“ಅದೆಲ್ಲಿ ನಾನು ಕೊಟ್ಟಿದ್ದು? ಇದೇನಿದು, ಮೊಣಕಾಲಿಗೆ? ಈ ಐದು ಜನರ ಪಕ್ಕ ಇದನ್ನ ಹಾಕ್ಕೊಂಡು ನಿಂತ್ರೆ ಸಾಲಲ್ಲಿ ಒಂದು ಹಲ್ಲು ಬಿದ್ದ ಹಾಗೆ ಕಾಣುತ್ತೆ. ನನ್ನ ಹತ್ರ ಇನ್ನೊಂದಿದೆ, ಹೋಗು, ಆ ಕೋಣೇಲಿ ಬದಲಾಯಿಸ್ಕೊಂಡು ಬಾ. ಬೇಗ.”

ಇನ್ನೂರು ಜನರಲ್ಲಿ ಹತ್ತಿರದ ಮೂವತ್ತು ಮಂದಿಯಾದರೂ ತಿರುಗಿ ನೋಡಿದರು. ಮಗಳ ಕುತ್ತಿಗೆಯ ನರ ಎದ್ದುನಿಂತದ್ದು ನನಗೆ ಕಂಡಿತು. ತರಗತಿಯಲ್ಲಿಯೂ ಹೀಗೇ ಎದ್ದಿರಬೇಕು. ನಾನು ಬಾಯಿ ತೆರೆದೆ. ಏಳು ತಿಂಗಳಿಂದ ಮಸೆದಿಟ್ಟಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಇವರು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದರು. ಆ ಮನುಷ್ಯ ನನ್ನನ್ನು ಹಾಗೆ ತಡೆದದ್ದು ಅದೇ ಮೊದಲು.

“ಅದು ನನಗೆ ಬೇಡ ದೊಡ್ಡಮ್ಮ” ಎಂದಳು ಮಗಳು. ದನಿ ಮೊದಲು ಸಣ್ಣಗಿತ್ತು. ಮತ್ತೆ ಗಟ್ಟಿಯಾಗಿ ಹೇಳಿದಳು. “ಅದರ ಲೇಸು ಕಂಕುಳ ಹತ್ರ ಚುಚ್ಚುತ್ತೆ. ನಾವು ಬಂದಾಗಿಂದ ಈ ಐದು ಜನಾನೂ ಕೆರ್ಕೊಳ್ತಾನೇ ಇದಾರೆ. ಫೋಟೋಲೂ ಹಾಗೇ ಬರುತ್ತೆ.”

ಸಾಲಿನ ತುದಿಯಲ್ಲಿದ್ದ ಹುಡುಗಿ ಕಂಕುಳಿಂದ ಕೈ ತೆಗೆದಳು. ಅವಳ ಪಕ್ಕದವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಮದುಮಗಳೇ ನಕ್ಕುಬಿಟ್ಟಳು.

“ನೀವು ಫೋಟೋ ತೆಗೆಸ್ಕೊಳ್ಳಿ ದೊಡ್ಡಮ್ಮ. ನನಗೆ ಹಸಿವಾಗಿದೆ, ಊಟ ಎಲ್ಲಿ?”

ಓರಗಿತ್ತಿ ನನ್ನ ಕಡೆ ತಿರುಗಿದಳು. “ಬಾಯಿ ಬಂದಿದೆ ನಿನ್ನ ಮಗಳಿಗೆ.”

“ಹೌದು ಅಕ್ಕ” ಎಂದೆ. ಮಸೆದಿಟ್ಟ ಮಾತುಗಳಲ್ಲಿ ಒಂದೂ ಖರ್ಚಾಗಲಿಲ್ಲ.

ಊಟವಾದ ಮೇಲೆ ಮಗಳು ಕಾಣಲಿಲ್ಲ. ಹುಡುಕಿಕೊಂಡು ಹೋದರೆ, ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಐದು ಹಳದಿ ಗೌನುಗಳ ನಡುವೆ ನೆಲದ ಮೇಲೆ ಕೂತಿದ್ದಳು. ಯಾರದೋ ಉಗುರು ಕತ್ತರಿ ಹಿಡಿದು ಒಬ್ಬಳ ತೋಳಿನ ಲೇಸು ಬಿಡಿಸುತ್ತಿದ್ದಳು. “ಉಸಿರು ಬಿಗಿಹಿಡಿ. ಇದನ್ನ ಹೊಲಿದವನು ಸಿಕ್ಕಿದ್ರೆ ನನಗೆ ತೋರಿಸು, ಅವನಿಗೇ ಇದನ್ನ ತೊಡಿಸಿ ಬಿಸಿಲಲ್ಲಿ ನಿಲ್ಲಿಸ್ತೀನಿ.” ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಒಬ್ಬಳು ಇವಳ ಗೌನಿನ ಅಂಚನ್ನು ಒಳಮೈ ತಿರುಗಿಸಿ ನೋಡುತ್ತಿದ್ದಳು, “ಇದಕ್ಕೆ ಹೊಲಿಗೇನೇ ಕಾಣ್ತಿಲ್ವಲ್ಲೇ” ಎನ್ನುತ್ತ.

“ಹೊರಡೋಣ್ವಾ?” ಎಂದೆ ಬಾಗಿಲಿಂದ.

“ನೀವಿಬ್ರೂ ಹೋಗಿರಿ. ಇನ್ನೂ ಮೂರು ಜನರದ್ದು ಬಾಕಿ ಇದೆ. ಸಂಜೆ ಇವರೆಲ್ಲ ಎಲ್ಲೋ ಸುತ್ತೋಕೆ ಹೋಗ್ತಾರಂತೆ. ನಾನು ಆಮೇಲೆ ಬರ್ತೀನಿ.”

“ಒಬ್ಳೇ?”

“ಬಸ್ಸಲ್ಲಿ.” ಕತ್ತರಿಯಿಂದ ಕಣ್ಣೆತ್ತಲಿಲ್ಲ. “ಮತ್ತೆ ಅಮ್ಮ, ದಾರಿ ಉದ್ದಕ್ಕೂ ದೊಡ್ಡಮ್ಮನ ವಿಷಯ ತೆಗೆದು ಅಪ್ಪನ ತಲೆ ತಿನ್ನಬೇಡ.”

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇವರೂ ನಾನೂ ಕೂತೆವು. ಮೂರು ಗಂಟೆಯ ಬಿಸಿಲು. ಓರಗಿತ್ತಿಯ ವಿಷಯ ತೆಗೆಯಲಿಲ್ಲ. ತೆಗೆಯದಿದ್ದರೆ ಮಾತಾಡಲು ನನ್ನ ಬಳಿ ಏನೂ ಇಲ್ಲ ಎಂಬುದು ಆಗ ಗೊತ್ತಾಗಿ, ಸುಮ್ಮನೆ ಎದುರಿನ ಗೋಡೆ ನೋಡಿದೆ. ನಮ್ಮ ಬಸ್ಸು ಬಂದು ನಿಂತಿತು.

ಇವರು ಹಾಲ್‌ನ ಕಡೆ ಕತ್ತು ತಿರುಗಿಸಿದರು. “ಇನ್ನೊಂದು ಬಸ್ಸು ನೋಡೋಣ್ವಾ? ಅಷ್ಟರಲ್ಲಿ ಬಂದ್ರೂ ಬರಬಹುದು ಅವಳು.”

ನನಗೂ ಹಾಗೇ ಅನ್ನಿಸಿತ್ತು. ಕಾಲು ನೆಲಕ್ಕೆ ಅಂಟಿತ್ತು.

“ಆಮೇಲೆ ಬರ್ತೀನಿ ಅಂದಳಲ್ಲ” ಎಂದೆ. “ಹತ್ತಿ.”